ಇಳಿಹೊತ್ತಿನಲ್ಲಿ ನೋಡಿ ಕೊಂಡ ಲ್ಯಾಪ್‌ಟಾಪು

ನಮ್ಮ ಓಣಿಯಲ್ಲಿ ಕರೆಂಟು ಹೋದಾಗ ಮಾತ್ರ ನಾನು ಮೇಲಿನ ಖೋಲಿಯಿಂದ ಕೆಳಗೆ ಇಳಿಯುತ್ತಿದ್ದೆ. ಇಳಿಯದೆ ಬೇರೆ ದಾರಿ ಇರಲಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ವೈರು ಚುಚ್ಚಿದ್ದರೆ ಅದಕ್ಕೆ ಜೀವ. ಕರೆಂಟು ಹೋದ ಗಳಿಗೆಗೆ ಪರದೆ ಟಕ್ಕೆಂದು ಕಪ್ಪಾಗಿ, ಅದರಲ್ಲಿ ನನ್ನದೇ ಮುಖ ಕಾಣುತ್ತಿತ್ತು. ಅರ್ಧ ಟೈಪು ಮಾಡಿದ ಸಾಲು ಎಲ್ಲಿಗೆ ಹೋಯಿತೋ ಅದಕ್ಕೇ ಗೊತ್ತು. ಹೆಡ್‌ಫೋನು ತೆಗೆದಿಟ್ಟು, ಕಬ್ಬಿಣದ ಏಣಿ ಇಳಿದು, ಕಟ್ಟೆಗೆ ಬರುತ್ತಿದ್ದೆ.

"ಕರೆಂಟ್ ಹೋತು ನೋಡ್ರಿ, ಸಾಹೇಬ್ರು ಬಂದ್ರು," ಎಂದು ಬಾಜೂ ಮನೆಯ ದೊಡ್ಡವ್ವ ಓಣಿಗೆಲ್ಲ ಕೇಳುವ ಹಾಗೆ ಸಾರುತ್ತಿದ್ದಳು. "ಸರೀರಿ, ಸರೀರಿ, ಆಫೀಸರ್ಗೆ ಕುರ್ಚಿ ಬಿಡ್ರಿ."

ಕುರ್ಚಿ ಎಂದರೆ ಕಟ್ಟೆಯ ತುದಿಯ ಒಂದು ಕಲ್ಲು. ನಾನು ಅದರ ಮೇಲೆ ಕೂತ ಕೂಡಲೇ ಯಾರೋ ಒಬ್ಬರು ನನ್ನ ಉಡಿಗೆ ಒಂದು ಬೊಗಸೆ ಶೇಂಗಾ ಸುರಿಯುತ್ತಿದ್ದರು. ಸುಲಿಯುತ್ತ ಕೂಡುವುದು. ಕರೆಂಟು ಬರುವ ತನಕ ಯಾರ ಎಮ್ಮೆ ಕರು ಹಾಕಿತು, ಯಾರ ಸೊಸೆ ತವರಿನಿಂದ ಇನ್ನೂ ಬಂದಿಲ್ಲ, ಯಾರ ಟ್ರ್ಯಾಕ್ಟರು ಹಳ್ಳದಲ್ಲಿ ಸಿಕ್ಕಿಬಿತ್ತು, ಎಲ್ಲ ಕಿವಿಗೆ ಬೀಳುತ್ತಿತ್ತು. ಆಗ ಇದು ನನಗೆ ದೊಡ್ಡ ವಿಷಯವೆನಿಸಿರಲಿಲ್ಲ. ಕೆಲಸ ಕೆಡಿಸಿದ ಕರೆಂಟಿಗೆ ಮನಸ್ಸಿನಲ್ಲೇ ಬೈಯುತ್ತ ಕೂತಿರುತ್ತಿದ್ದೆ.

ನಾವು ನವಲಗುಂದ ತಾಲೂಕಿನವರು, ಮೊರಬದಿಂದ ಬಸ್ಸಿಗೆ ಹತ್ತು ಹದಿನೈದು ನಿಮಿಷ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅವ್ವ ಮಂದಿಯ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ ಓದಿಸಿದಳು. ಪರೀಕ್ಷೆಯ ಹಿಂದಿನ ದಿನ ನಾನೂ ಹತ್ತಿ ಬಿಡಿಸಲು ಹೋಗಿ, ಬೆರಳ ಗಾಯಕ್ಕೆ ಅರಿಷಿಣ ಹಚ್ಚಿಕೊಂಡು ಪೆನ್ನು ಹಿಡಿದದ್ದಿದೆ. ನನ್ನ ಸರ್ಟಿಫಿಕೇಟನ್ನು ಅವ್ವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೋಳದ ಡಬ್ಬಿಯ ಮೇಲೆ ನಿಲ್ಲಿಸಿದ್ದಾಳೆ. ಜೋಳ ತೆಗೆಯುವಾಗೆಲ್ಲ ಅದನ್ನು ಎತ್ತಿ ಪಕ್ಕಕ್ಕಿಡಬೇಕು, ಮತ್ತೆ ನಿಲ್ಲಿಸಬೇಕು. ಬೇರೆ ಕಡೆ ಇಡೋಣವೆಂದರೆ ಒಪ್ಪುವುದಿಲ್ಲ.

ನನ್ನ ಕೆಲಸ ಏನೆಂದು ಊರಲ್ಲಿ ಯಾರಿಗೂ ಸರಿಯಾಗಿ ತಿಳಿದಿಲ್ಲ. ಒಂದು ಕಂಪನಿಯವರು ನಮ್ಮ ಕಡೆಯ ಜನ ಮಾತಾಡಿದ ಧ್ವನಿಯ ತುಣುಕುಗಳನ್ನು ಕಳಿಸುತ್ತಾರೆ. ಕೇಳಿ, ಕೇಳಿದ ಹಾಗೆಯೇ ಟೈಪು ಮಾಡಿ ತಿರುಗಿ ಕಳಿಸಬೇಕು. ಯಂತ್ರಕ್ಕೆ ನಮ್ಮ ಮಾತು ಕಲಿಸಲಿಕ್ಕಂತೆ. ಕಾಲೇಜಿನಲ್ಲಿ ನಾನು ಎದ್ದು ನಿಂತು ಬಾಯಿ ತೆರೆದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಆಗ ನಗೆಗೀಡಾದ ಅದೇ ಮಾತು ಈಗ ನನ್ನ ಅನ್ನ. ದಕ್ಷಿಣದ ಕಡೆಯವರಿಗೆ ಅರ್ಥವಾಗದ ತುಣುಕುಗಳು ನನಗೆ ಬರುತ್ತವೆ. ನಾನು ಒಂದೇ ಸಲಕ್ಕೆ ಹಿಡಿಯುತ್ತೇನೆ.

ಮುಂಜಾನೆಯಿಂದ ಸಂಜೆಯ ತನಕ ಕಿವಿಯಲ್ಲಿ ಜನ. ಒಬ್ಬ ಮುದುಕಿ ಮೊಣಕಾಲು ನೋವು ಹೇಳಿಕೊಳ್ಳುತ್ತಾಳೆ. ಒಬ್ಬ ಉಳ್ಳಾಗಡ್ಡಿ ದರ ಬಿದ್ದಿತೆಂದು ಬೈಯುತ್ತಾನೆ. ಒಬ್ಬಳು ಮಾತಿನ ನಡುವೆ ಒಳಗಿನ ಯಾರಿಗೋ "ಹಾಲ ಉಕ್ಕಾಕತ್ತೈತಿ ನೋಡ" ಎಂದು ಕೂಗುತ್ತಾಳೆ. ಅದನ್ನೂ ಬರೆಯಬೇಕು. ನಕ್ಕರೆ ಆವರಣದಲ್ಲಿ "ನಗು" ಎಂದು ಹಾಕಬೇಕು. ಎಷ್ಟೋ ಸಲ ನಾನು ಉತ್ತರ ಕೊಡಲು ಬಾಯಿ ತೆರೆದು ಮುಚ್ಚಿದ್ದೇನೆ. ಅವರು ಮಾತಾಡಿ ಯಾವ ಕಾಲವಾಯಿತೋ. ನಾನೊಬ್ಬಳು ತಗಡಿನ ಖೋಲಿಯಲ್ಲಿ ಕೂತು ಕೇಳುತ್ತಿದ್ದೇನೆಂದು ಅವರಿಗೆ ಗೊತ್ತಿಲ್ಲ. ದಿನವೆಲ್ಲ ಮಾತು ಕೇಳಿ ಸಂಜೆ ಅವ್ವ ಬಂದು "ಉಂಡೀ?" ಎಂದು ಕೇಳಿದಾಗ ಹೊರಡುವ "ಹೂಂ" ನನ್ನ ಆ ದಿನದ ಮೊದಲ ಮಾತಾಗಿರುತ್ತಿತ್ತು.

ಬೇಸಿಗೆ ಬಂತು. ಕರೆಂಟು ಮಧ್ಯಾಹ್ನ ಹೋಗಿ ಸಂಜೆ ಬರತೊಡಗಿತು. ಒಂದೇ ತಿಂಗಳಲ್ಲಿ ಮೂರು ಸಲ ಹೊತ್ತಿಗೆ ಸರಿಯಾಗಿ ಕೆಲಸ ಕಳಿಸಲಾಗಲಿಲ್ಲ. ಕೆಲಸದಲ್ಲಿ ನಾನಿನ್ನೂ ಪರೀಕ್ಷೆಯ ಅವಧಿಯಲ್ಲಿದ್ದವಳು, ಖಾಯಂ ಆಗಿರಲಿಲ್ಲ. ಕೆಲಸ ಹಂಚುವ ಮೇಡಂ ಬರೆದರು: ನಿಮ್ಮ ಬರವಣಿಗೆಯಲ್ಲಿ ತಪ್ಪಿಲ್ಲ, ಆದರೆ ಇನ್ನೊಮ್ಮೆ ತಡವಾದರೆ ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತದೆ. ಆ ಪತ್ರವನ್ನು ಅವ್ವನಿಗೆ ಓದಿ ಹೇಳಲಿಲ್ಲ. ಹೆಸರು ಹೋದರೆ ನಾನು ಮತ್ತೆ ಹತ್ತಿ ಬಿಡಿಸಲು ಹೋಗಬೇಕು. ಅದಕ್ಕೆ ನಾಚಿಕೆಯಿಲ್ಲ. ಆದರೆ ಜೋಳದ ಡಬ್ಬಿಯ ಮೇಲಿನ ಆ ಚೀಲವನ್ನು ದಿನಾ ನೋಡಿಕೊಂಡು ಹೋಗುವುದು ನನ್ನಿಂದಾಗದು.

ಮೊದಲು ಒಬ್ಬಳೇ ಹುಬ್ಬಳ್ಳಿಗೆ ಹೋದೆ. ಗಾಜಿನ ದೊಡ್ಡ ಅಂಗಡಿ, ಒಳಗೆ ತಂಪು. ಸಾಲಾಗಿ ತೆರೆದಿಟ್ಟ ಲ್ಯಾಪ್‌ಟಾಪುಗಳಲ್ಲಿ ಒಂದೇ ಥರದ ನೀಲಿ ಸಮುದ್ರ. ಟೈ ಕಟ್ಟಿದವನು ಬಂದು, "ಯಾರಿಗೆ ಮೇಡಂ, ತಮ್ಮಗೇನ್ರಿ?" ಎಂದ.

"ನನಗ," ಎಂದೆ.

"ಏನ್ ಯೂಸ್ ಐತ್ರಿ? ಬರೇ ಟೈಪಿಂಗೇನು?"

ಬರೇ ಟೈಪಿಂಗ್ ಅಲ್ಲ. ನಾನು ಆಟವನ್ನೂ ಆಡುತ್ತೇನೆ. ಲಾರಿ ಓಡಿಸುವ ಒಂದು ಆಟ. ಯಾವುದೋ ದೇಶದ ಉದ್ದ ರಸ್ತೆ, ಎಡಬಲಕ್ಕೆ ಹೊಲ, ಮೇಲೆ ಮೋಡ. ಲಾರಿಯಲ್ಲಿ ಮಾಲು ಹೇರಿಕೊಂಡು ಒಂದೂರಿಂದ ಇನ್ನೊಂದೂರಿಗೆ ಮುಟ್ಟಿಸುವುದು. ನಿಜದಲ್ಲಿ ನನಗೆ ಸೈಕಲ್ಲೊಂದು ಬಿಟ್ಟು ಏನೂ ಓಡಿಸಲು ಬಾರದು. ಹಳೆಯ ಯಂತ್ರದಲ್ಲಿ ಆ ಲಾರಿ ಮುಗ್ಗರಿಸಿ ಮುಗ್ಗರಿಸಿ ಓಡುತ್ತಿತ್ತು. ಆದರೂ ಕೆಲಸ ಮುಗಿದ ಮೇಲೆ ಒಂದು ತಾಸು ಅದರಲ್ಲಿ ಕಳೆದರೆ ಕಿವಿಯಲ್ಲಿನ ಮಾತೆಲ್ಲ ಇಳಿದು ಹೋಗುತ್ತಿತ್ತು. ಇದನ್ನು ಆ ಟೈ ಕಟ್ಟಿದವನ ಮುಂದೆ ಹೇಗೆ ಹೇಳುವುದು? ವಯಸ್ಸಿಗೆ ಬಂದ ಹೆಣ್ಣುಮಗಳು ಲಾರಿ ಆಟ ಆಡುತ್ತಾಳೆ ಎಂದು ನಗುತ್ತಾನೆ. "ಹೌದ್ರಿ, ಬರೇ ಟೈಪಿಂಗ್," ಎಂದುಬಿಟ್ಟೆ. ಅವನು ಏಳೆಂಟು ತೋರಿಸಿದ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿದರೆ ಎಲ್ಲದಕ್ಕೂ "ಫುಲ್ ಡೇ ಮೇಡಂ," ಅಂದ. ಎಲ್ಲಕ್ಕೂ ಒಂದೇ ಉತ್ತರವಾದರೆ ಆರಿಸುವುದು ಹೇಗೆ? ಕೊಳ್ಳದೆ ಬಸ್ಸು ಹತ್ತಿದೆ.

ಮರುದಿನ ಕರೆಂಟು ಹೋದಾಗ ಕಟ್ಟೆಯ ಮೇಲೆ ಅವನ 'ಫುಲ್ ಡೇ' ಮಾತನ್ನು ಹೇಳಿದೆ. ಎಲ್ಲರೂ ನಕ್ಕರು. ಎದುರು ಮನೆಯ ಕಾಕಾ ಮಾತ್ರ ನಗಲಿಲ್ಲ. ಸಂಬಂಧದಲ್ಲಿ ಅವನು ನಮಗೆ ಏನೂ ಆಗಬೇಕಿಲ್ಲ, ಓಣಿಗೆಲ್ಲ ಕಾಕಾ. ಒಂದು ಕಾಲಕ್ಕೆ ಸುತ್ತ ಹತ್ತೂರಿನವರು ಎತ್ತು ಕೊಳ್ಳಬೇಕಾದರೆ ಅವನನ್ನು ಗಾಡಿ ಕಟ್ಟಿ ಕರೆದೊಯ್ಯುತ್ತಿದ್ದರು. ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ಅವನು ತಲೆ ಆಡಿಸಿದರೆ ಮಾತ್ರ ವ್ಯಾಪಾರ. ಈಗ ಟ್ರ್ಯಾಕ್ಟರು ಬಂದು ಊರಲ್ಲಿ ಎತ್ತಿನ ಜೋಡಿ ಕೈ ಬೆರಳಲ್ಲಿ ಎಣಿಸುವಷ್ಟಿವೆ. ಅವನನ್ನು ಕರೆಯಲು ಯಾರಾದರೂ ಬಂದು ಎಷ್ಟೋ ವರ್ಷವಾಗಿತ್ತು. ದಿನವೆಲ್ಲ ಕಟ್ಟೆಯೇ ಅವನ ಊರು.

"ಹೊತ್ತು ಎಷ್ಟಿತ್ತು ನೀ ನೋಡಾಕ ಹೋದಾಗ?" ಎಂದ ಕಾಕಾ.

"ಮುಂಜಾನೆ, ಹನ್ನೊಂದಾಗಿತ್ತು."

"ಅದ ತಪ್ಪು. ಮುಂಜಾನೆ ಎಲ್ಲಾ ಎತ್ತೂ ಚಂದ ಕಾಣ್ತಾವ ಯವ್ವಾ. ನಾವು ಎತ್ತ ತರಬೇಕಾದ್ರ ಮೊದಲ ಒಂದ ದಿನ ನಮ್ಮ ಹೊಲದಾಗ ಹೂಡಿ ನೋಡ್ತಿದ್ವಿ. ಮುಂಜಾನಿಂದ ಗಳೇ ಹೊಡದು, ಇಳಿಹೊತ್ತಿನ್ಯಾಗ ಕೊಳ್ಳ ಹರದು, ನೊಗದಿಂದ ಬಿಟ್ಟ ಮ್ಯಾಗ ನೋಡಬೇಕು. ಮೇವಿಗೆ ಬಾಯಿ ಹಾಕ್ತೈತೋ, ಉಬ್ಬಸ ಪಡ್ತೈತೋ, ದೊಪ್ಪಂತ ಬೀಳ್ತೈತೋ. ದಣದದ್ದು ನೋಡದ ಯಾವುದೂ ತರಬಾರದು."

"ಕಾಕಾ, ಅಂಗಡಿಯವ್ರು ಹೂಡಾಕ ಕೊಡೂದಿಲ್ಲ," ಎಂದು ದೊಡ್ಡವ್ವ ಮತ್ತೆ ನಕ್ಕಳು. "ಲ್ಯಾಪ್‌ಟಾಪಿಗೆ ನೊಗ ಎಲ್ಲಿ ಕಟ್ತೀ?"

"ನವಲಗುಂದದಾಗ ಒಬ್ಬ ಅದಾನ," ಎಂದ ಕಾಕಾ. "ಅವರಪ್ಪಗ ನಾನ ಎತ್ತ ಕೊಡಿಸಿದ್ದೆ. ನನ್ನ ಮಾತ ತಗದ ಹಾಕೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅದು ಏನೇನ ದಗದಾ ಮಾಡಬೇಕು, ಖರೇ ಹೇಳು. ಎತ್ತ ಕೊಡ್ಸಾವನ ಮುಂದ ಮುಚ್ಚಿಡಬಾರ್ದು," ಎಂದ.

ನಾನು ಧೈರ್ಯ ಮಾಡಿ ಹೇಳಿದೆ. "ಟೈಪ ಮಾಡಬೇಕು. ಮಾತ ಕೇಳಬೇಕು. ಕರೆಂಟ್ ಇಲ್ಲದ ಐದಾರ ತಾಸು ಬರಬೇಕು. ಆಮ್ಯಾಲೆ... ಒಂದ ಆಟ ಐತಿ ಕಾಕಾ. ಲಾರಿ ಓಡಸೂದು."

ಹೆಂಗಸರು ಮತ್ತೆ ನಗಲು ಬಾಯಿ ತೆರೆದಿದ್ದರು. ಕಾಕಾ ಕೈ ಎತ್ತಿದ. "ಆಟ ಬೇಕ ಬಿಡ್ರಿ. ವರ್ಷಾನಗಂಟ್ಲೆ ದುಡದ ಎತ್ತಿಗೂ ಕಾರಹುಣ್ಣಿವಿ ದಿನ ಕರಿ ಹರಿಯಾಕ ಓಡಸ್ತೀವಿ. ಓಡಲಿ ಅಂತ."

ಎರಡು ದಿನ ಬಿಟ್ಟು ಮೊದಲ ಬಸ್ಸಿಗೆ ಇಬ್ಬರೂ ನವಲಗುಂದಕ್ಕೆ ಹೋದೆವು. ಅವ್ವ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿ ಕೊಟ್ಟಿದ್ದಳು. ಕಾಕಾ ಒಗೆದ ಧೋತರ ಉಟ್ಟು, ತಲೆಗೆ ಹಳದಿ ಪಟಕ ಸುತ್ತಿದ್ದ. ಅಷ್ಟು ಅಲಂಕಾರ ಮಾಡಿಕೊಂಡು ಅವನು ಹೊರಟದ್ದನ್ನು ನಾನು ಯಾವ ಮದುವೆಗೂ ನೋಡಿಲ್ಲ.

ಅಂಗಡಿ ಸಣ್ಣದು. ಮೊಬೈಲಿನ ಕವಚ, ಪ್ರಿಂಟರು, ಝೆರಾಕ್ಸ್, ನಡುವೆ ಮೂರು ಲ್ಯಾಪ್‌ಟಾಪು. ಅಂಗಡಿಯವರು ನಮ್ಮ ಬೇಡಿಕೆ ಕೇಳಿ ಕನ್ನಡಕ ತೆಗೆದರು.

"ಕಾಕಾರ, ಒಂದ ದಿನಾ ಪೂರಾ ಹಚ್ಚಿ ಇಡಬೇಕೇನ್ರಿ? ಹಿಂಗ ಯಾರೂ ಕೇಳಿಲ್ರಿ."

"ನಿಮ್ಮಪ್ಪ ಕೇಳಿದ್ದ. ಎರಡ ದಿನ ಹೂಡಿ ನೋಡಿದ್ದ ಅವಾ, ನನ್ನ ಮ್ಯಾಲ ನಂಬಿಕಿ ಇಲ್ಲದ."

ಅಂಗಡಿಯವರು ಗಟ್ಟಿಯಾಗಿ ನಕ್ಕು ಎರಡು ಸ್ಟೂಲು ಹಾಕಿಸಿದರು. "ಮೂರೂ ಫುಲ್ ಚಾರ್ಜ್ ಅದಾವ್ರಿ. ಕುಂದರ್ರಿ. ನೋಡೇ ಬಿಡೂಣು."

ಹತ್ತು ಗಂಟೆಗೆ ಮೂರರ ವೈರನ್ನೂ ಕಿತ್ತೆವು. ಮೂರರ ಪರದೆಯ ಬೆಳಕನ್ನೂ ಒಂದೇ ಸಮ ಇಟ್ಟೆ. ಮೊದಲನೆಯದು ಆಟಕ್ಕೆಂದೇ ಮಾಡಿದ್ದು. ದಪ್ಪ, ಭಾರ, ಕೀಲಿಗಳ ಕೆಳಗೆ ಕೆಂಪು ದೀಪ. ಎರಡನೆಯದು ಶಾಲೆಯ ಪಾಟಿಯ ಹಾಗೆ ತೆಳ್ಳಗೆ. ಮೂರನೆಯದು ಬೂದು ಬಣ್ಣದ್ದು. ನೋಡಿದರೆ ನೆನಪಿನಲ್ಲಿ ಉಳಿಯುವಂಥದ್ದು ಏನೂ ಇಲ್ಲ. ಮೂರರಲ್ಲೂ ಧ್ವನಿ ತುಣುಕು ಹಚ್ಚಿದೆ. ಒಂದರಲ್ಲಿ ಒಂದು ಸಾಲು, ಇನ್ನೊಂದರಲ್ಲಿ ಒಂದು ಸಾಲು, ಹೀಗೆ ಟೈಪು ಮಾಡುತ್ತ ಹೋದೆ. ಎಷ್ಟು ಹೊತ್ತಿಗೆ ಎಷ್ಟು ಇಳಿಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಕಾಕಾ ಪ್ರತಿ ಅರ್ಧ ತಾಸಿಗೆ ಎದ್ದು ಮೂರರ ಪಕ್ಕೆಗೂ ಅಂಗೈ ಇಟ್ಟು ನೋಡುತ್ತಿದ್ದ. ಎತ್ತಿನ ಮೈ ಮುಟ್ಟುವ ಹಾಗೆಯೇ, ಮೊದಲು ಮೆಲ್ಲಗೆ ತಟ್ಟಿ, ಆಮೇಲೆ ಕೈ ಇಡುವುದು.

"ಇದು ಈಗಲೇ ಉಸಿರ ಬಿಡಾಕತ್ತೈತಿ," ಎಂದ ಕೆಂಪು ದೀಪದ್ದರ ಫ್ಯಾನಿನ ಸದ್ದಿಗೆ ಕಿವಿ ಕೊಟ್ಟು. "ಓಟದ ಹೋರಿ ಇದು. ತಿನ್ನೂದ ಭಾಳ. ಗಳೇಕ ಬರೂದಿಲ್ಲ."

ಅವನ ಮಾತು ಸುಳ್ಳಾಗಲಿಲ್ಲ. ನಾವು ರೊಟ್ಟಿಯ ಗಂಟು ಬಿಚ್ಚುವ ಹೊತ್ತಿಗೆ ಅದು ಚಾರ್ಜು ಬೇಡತೊಡಗಿತು, ಮೊಸರು ಮುಗಿಯುವ ಮೊದಲೇ ಆರಿತು. ಅಂಗಡಿಯವರು, "ವೈರ್ ಹಚ್ಚಿ ಆಡೂದ್ರಿ ಅದು, ಕರೆಂಟ್ ಇದ್ದವ್ರಿಗೆ," ಎಂದು ಅದನ್ನು ಒಳಗಿಟ್ಟರು.

ಊಟವಾದ ಮೇಲೆ ಲಾರಿ. ಪೆನ್ ಡ್ರೈವಿನಲ್ಲಿ ಆಟ ತಂದಿದ್ದೆ. ತೆಳ್ಳಗಿನದರಲ್ಲಿ ಹಚ್ಚಿದರೆ ಲಾರಿ ನನ್ನ ಹಳೆಯದರಲ್ಲಿ ಓಡಿದ ಹಾಗೆಯೇ ಮುಗ್ಗರಿಸಿತು. ಇಲ್ಲಿದ್ದದ್ದು ಒಮ್ಮೆಲೇ ಅಲ್ಲಿ. ಟೈಪಿಂಗಿಗೆ ಅದು ಎಲ್ಲಕ್ಕಿಂತ ಹೆಚ್ಚು ಹೊತ್ತು ಬರುತ್ತಿತ್ತು, ನೋಟ್‌ಬುಕ್ಕಿನಲ್ಲಿ ಲೆಕ್ಕವಿತ್ತು. ಆದರೂ ಲಾರಿಗಾಗಿ ಅದನ್ನು ಪಕ್ಕಕ್ಕೆ ಸರಿಸಿದೆ. ಬೂದು ಬಣ್ಣದ್ದರಲ್ಲಿ ಚಿತ್ರದ ಗುಣಮಟ್ಟವನ್ನು ಕೆಳಗಿಳಿಸಿ ಹಚ್ಚಿದೆ. ಲಾರಿ ನೀರಿನ ಹಾಗೆ ಹೋಯಿತು.

"ಕೊಡಿಲ್ಲಿ," ಎಂದ ಕಾಕಾ.

"ನೀ ಓಡಸ್ತೀ?"

"ಹೊರಸಿನ ಮ್ಯಾಲ ಮಲಕೊಂಡ ಎತ್ತ ಕೊಡಸಾಕ ಆಗೂದಿಲ್ಲ. ಮೂಗದಾಣ ಕೈಯಾಗ ಹಿಡೀಬೇಕು."

ಯಾವ ಕೀಲಿ ಒತ್ತಿದರೆ ಏನೆಂದು ತೋರಿಸಿದೆ. ಲಾರಿ ಹೊರಟಿತು. ಎದುರಿಗೆ ಒಂದು ಕಾರು ಕಂಡ ಕೂಡಲೇ ಕಾಕಾ ರಸ್ತೆ ಬಿಟ್ಟು ಹುಲ್ಲಿಗೆ ಇಳಿಸಿ ನಿಲ್ಲಿಸಿದ.

"ಯಾಕ ನಿಂತಿ?"

"ಅವರು ಹೋಗಲಿ ತಡಿ."

ಮುಂದೆ ತಿರುವು ಬಂತು. "ಹೋ... ಹೋ... ಹೋ," ಎಂದ. ಲಾರಿ ನಿಲ್ಲಲಿಲ್ಲ, ಬೇಲಿ ಮುರಿದು ನಿಂತಿತು. ಝೆರಾಕ್ಸ್ ಮಾಡಿಸಲು ಬಂದವರೆಲ್ಲ ಸುತ್ತ ನಿಂತು ನಗುತ್ತಿದ್ದರು. ನಾನೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಕಾಕಾ ಗಂಭೀರವಾಗಿಯೇ ಕೇಳಿದ: "ಹಿಂದ ಏನ ಮಾಲ ಹೇರೀದಿ?"

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಆಡಿದರೂ ಮಾಲು ಏನೆಂದು ನಾನು ನೋಡಿಯೇ ಇರಲಿಲ್ಲ. ನೋಡಿದೆ. "ಕಟ್ಟಿಗಿ."

"ಯಾರ ಮನಿಗೆ?"

"ಯಾರ ಮನಿಗೂ ಇಲ್ಲ ಕಾಕಾ. ಒಂದ ಗೋದಾಮಿನ ಮುಂದ ಬಿಟ್ಟ ಬರೂದು. ಅಲ್ಲಿ ಯಾರೂ ಇರೂದಿಲ್ಲ."

"ಇಳಿಸಿಕೊಳ್ಳಾಕ ಯಾರೂ ಬರೂದಿಲ್ಲ?" ಎಂದು ಅವನು ನನ್ನ ಮುಖ ನೋಡಿದ. ಆಮೇಲೆ ಕೀಲಿಗಳ ಮೇಲಿಂದ ಕೈ ತೆಗೆದ.

ಒಂದು ತಾಸು ಆಟ ಆಡಿದ್ದಕ್ಕೆ ಬ್ಯಾಟರಿ ಬಹಳ ಇಳಿಯಿತು. ನಾನು ಮತ್ತೆ ಟೈಪಿಂಗಿಗೆ ಕೂತೆ. ಬಿಸಿಲು ಬಾಗಿಲಿನಿಂದ ಹಿಂದೆ ಸರಿಯಿತು. ಐದು ಹೊಡೆದ ಮೇಲೆ ಬೂದು ಬಣ್ಣದ್ದು ಒಮ್ಮೆ ಎಚ್ಚರಿಸಿ ಆರಿತು. ಏಳು ತಾಸು, ಅದರಲ್ಲಿ ಒಂದು ತಾಸು ಲಾರಿ.

"ಈಗ ಮೇವ ಹಾಕು," ಎಂದ ಕಾಕಾ.

ವೈರು ಚುಚ್ಚಿದೆವು. ಅರ್ಧ ತಾಸಿಗೆ ಅರ್ಧದ ಹತ್ತಿರ ತುಂಬಿತು. ಕಾಕಾ ತಲೆ ಆಡಿಸಿದ. "ಬಾಯಿ ಹಾಕೇತಿ. ಇದ ಇರಲಿ. ಆದ್ರ ಒಂಟಿ ಎತ್ತ ಕೊಡಬಾರದಪಾ ನೀ. ಬ್ಯಾಸರ ಮಾಡ್ಕೊಂಡು ಮೇವ ಬಿಡ್ತೈತಿ."

"ಜೋಡಿಗೆ ಮೌಸ್ ಕೊಡ್ತೀನ್ರಿ ಕಾಕಾರ, ರೊಕ್ಕಾ ಬ್ಯಾಡ್ರಿ," ಎಂದರು ಅಂಗಡಿಯವರು.

ಬಸ್ಸಿನಲ್ಲಿ ಕಾಕಾ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ, ನನಗೆ ಕೊಡಲಿಲ್ಲ. ಮುಂಜಾನೆಯಿಂದ ಸಂಜೆಯ ತನಕ ಒಬ್ಬರೊಡನೆ ಮಾತಾಡಿ ನನ್ನ ಗಂಟಲು ಕಟ್ಟಿತ್ತು. ಹಾಗೆ ಕಟ್ಟಿದ್ದು ಕಾಲೇಜು ಬಿಟ್ಟ ಮೇಲೆ ಅದೇ ಮೊದಲು.

ಅವ್ವ ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ, ನಿಂಬೆಹಣ್ಣು ಇಳಿಸಿದಳು. ಮಾರನೆಯ ದಿನದಿಂದ ನನ್ನ ಕೆಲಸ ಒಂದು ದಿನವೂ ತಡವಾಗಲಿಲ್ಲ. ಮುಂಜಾನೆ ತುಣುಕುಗಳನ್ನೆಲ್ಲ ಇಳಿಸಿಟ್ಟುಕೊಳ್ಳುತ್ತಿದ್ದೆ. ಮಧ್ಯಾಹ್ನ ಕರೆಂಟು ಹೋದರೆ ಫ್ಯಾನು ನಿಲ್ಲುತ್ತಿತ್ತು, ತಗಡು ಕಾಯುತ್ತಿತ್ತು, ಲ್ಯಾಪ್‌ಟಾಪು ಮಾತ್ರ ಏನೂ ಆಗದ ಹಾಗೆ ನಡೆಯುತ್ತಿತ್ತು. ಕುತ್ತಿಗೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು ಟೈಪು ಮಾಡಿದೆ. ತಿಂಗಳ ಕೊನೆಗೆ ಮೇಡಂ ಬರೆದರು: ನಿಮ್ಮ ಹೆಸರು ಪಟ್ಟಿಯಲ್ಲಿ ಖಾಯಂ ಆಗಿದೆ. ಇದನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮೊದಲ ವಾರ ಕರೆಂಟು ಹೋದ ಕೂಡಲೇ ಕೆಳಗಿನಿಂದ ದೊಡ್ಡವ್ವನ ಕೂಗು ಬರುತ್ತಿತ್ತು. "ಇಳಿದ ಬಾರ ಬೇ! ಕರೆಂಟ್ ಹೋಗೈತಿ!"

"ನಂದು ಹೋಗಿಲ್ರಿ! ಚಾರ್ಜ್ ಐತ್ರಿ!" ಎಂದು ಮೇಲಿನಿಂದಲೇ ಕೂಗುತ್ತಿದ್ದೆ. ಹಾಗೆ ಹೇಳುವಾಗ ನನಗೆ ಹೆಮ್ಮೆಯೇ ಇತ್ತು, ಸುಳ್ಳೇಕೆ ಹೇಳಲಿ.

ಎರಡನೆಯ ವಾರ ಎರಡು ಮೂರು ಸಲ ಕೂಗಿದರು. ಆಮೇಲೆ ನಿಲ್ಲಿಸಿದರು. ನಿಲ್ಲಿಸಿದ್ದು ಯಾವ ದಿನ ಎಂದು ನನಗೆ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಹೆಡ್‌ಫೋನಿನಲ್ಲಿ ಒಬ್ಬ ಹೆಂಗಸು ನಕ್ಕಳು. ನಾನು ತುಣುಕನ್ನು ನಿಲ್ಲಿಸಿ, ಆವರಣ ತೆರೆದು "ನಗು" ಎಂದು ಟೈಪು ಮಾಡಿದೆ. ನಗು ನಿಲ್ಲಲಿಲ್ಲ. ಯಂತ್ರ ಕೆಟ್ಟಿತೇನೋ ಎಂದು ಹೆಡ್‌ಫೋನು ತೆಗೆದೆ. ನಗು ಕೆಳಗಿನ ಕಟ್ಟೆಯದು. ಐದಾರು ಜನ ಒಟ್ಟಿಗೆ ನಗುತ್ತಿದ್ದರು, ಅವ್ವನ ದನಿಯೂ ಅದರಲ್ಲಿತ್ತು. ಅವ್ವ ಹಾಗೆ ನಕ್ಕದ್ದನ್ನು ನಾನು ಕೇಳಿ ಬಹಳ ದಿನವಾಗಿತ್ತು. ಏನೆಂದು ಕಿವಿಗೊಟ್ಟೆ. ಮಾತು ಮೇಲೆ ಬರುವಷ್ಟರಲ್ಲಿ ಅಸ್ಪಷ್ಟವಾಗುತ್ತಿತ್ತು. ಯಾರಿಗೂ ತಿಳಿಯದ ತುಣುಕನ್ನು ಒಂದೇ ಸಲಕ್ಕೆ ಹಿಡಿಯುವ ನನಗೆ ನನ್ನ ಓಣಿಯ ಒಂದು ಮಾತೂ ಸಿಗಲಿಲ್ಲ.

ಸಂಜೆ ಉಣ್ಣುವಾಗ ಕೇಳಿದೆ. "ಮಧ್ಯಾಹ್ನ ಯಾಕ ಅಷ್ಟ ನಗಾಕತ್ತಿದ್ರಿ ಬೇ?"

ಅವ್ವ ರೊಟ್ಟಿ ಮುರಿಯುತ್ತ ನೆನಪು ಮಾಡಿಕೊಂಡಳು. ತುಟಿಯಲ್ಲಿ ಇನ್ನೂ ಸ್ವಲ್ಪ ನಗೆ ಇತ್ತು. "ಏನೋ ಬೇ. ಅಲ್ಲೇ ಇದ್ದಿದ್ರ ನಗಿ ಬರ್ತಿತ್ತು. ಈಗ ಹೇಳಿದ್ರ ಬರೂದಿಲ್ಲ."

ಲಾರಿ ಈಗ ಮುಗ್ಗರಿಸುವುದಿಲ್ಲ. ಕೆಲಸ ಮುಗಿಸಿ ಒಂದು ತಾಸು ಓಡಿಸುತ್ತೇನೆ. ಹೊರಡುವ ಮೊದಲು ಮಾಲು ಏನೆಂದು ನೋಡುವುದು ರೂಢಿಯಾಗಿದೆ. ಹಾಲಿನ ಪುಡಿ, ಕಿಟಕಿಯ ಗಾಜು, ಒಮ್ಮೆ ಒಂದು ದೋಣಿ. ಗೋದಾಮಿನ ಮುಂದೆ ನಿಲ್ಲಿಸಿ ಬರುತ್ತೇನೆ. ಕಾಕಾ ಒಮ್ಮೆ ಬಂದು ಓಡಿಸಲಿ ಎಂದು ಕರೆದಿದ್ದೆ. ಅವನ ಮೊಣಕಾಲಿಗೆ ಏಣಿ ಆಗದು. ಕೆಳಗೆ ಒಯ್ದರೆ ಬಿಸಿಲಿಗೆ ಪರದೆ ಕಾಣುವುದಿಲ್ಲ. ತಾನು ಆರಿಸಿದ ಯಂತ್ರವನ್ನು ಅವನು ಆಮೇಲೆ ನೋಡಿಯೇ ಇಲ್ಲ.

ಒಂದು ದಿನ ನಾಲ್ಕರ ಸುಮಾರಿಗೆ ಕರೆಂಟು ಹೋಯಿತು. ಆ ದಿನದ ಕೆಲಸ ಹೆಚ್ಚು ಉಳಿದಿರಲಿಲ್ಲ. ಚಾರ್ಜಿಗೆ ಹಚ್ಚಿದರೆ ಸೆಕೆಗೆ ಬಹಳ ಕಾಯುತ್ತದೆಂದು ಮಧ್ಯಾಹ್ನವೇ ವೈರು ತೆಗೆದಿಡುತ್ತಿದ್ದೆ, ಬ್ಯಾಟರಿ ಅರವತ್ತೆರಡು ತೋರಿಸುತ್ತಿತ್ತು. ಕೆಳಗೆ ಮೊರದಲ್ಲಿ ಜೋಳ ಕೇರುವ ಸದ್ದು, ಮಾತಿನ ಸದ್ದು. ನಾನು ಲ್ಯಾಪ್‌ಟಾಪು ಮುಚ್ಚಿ ಏಣಿ ಇಳಿದೆ.

ಮಾತು ಒಂದು ಗಳಿಗೆ ನಿಂತಿತು. ಬ್ಯಾಂಕಿನವರೋ ಸರ್ವೆಯವರೋ ಓಣಿಗೆ ಬಂದಾಗ ನಿಲ್ಲುವ ಹಾಗೆ. ನನ್ನ ಕಲ್ಲಿನ ಮೇಲೆ ಶೇಂಗಾ ಚೀಲ ಕೂತಿತ್ತು.

"ಏನ್ ಸಾಹೇಬ್ರ, ದಾರಿ ತಪ್ಪಿ ಬಂದ್ರೇನು?" ಎಂದಳು ದೊಡ್ಡವ್ವ.

"ಇಲ್ರಿ ದೊಡ್ಡವ್ವ. ಮಶಿನ್ ಆರಿತ್ರಿ," ಎಂದೆ.

ಎದುರು ಕಟ್ಟೆಯಿಂದ ಕಾಕಾ ತಲೆ ಎತ್ತಿ ನೋಡಿದ. ಕರೆಂಟು ಹೋಗಿ ಅರ್ಧ ತಾಸೂ ಆಗಿರಲಿಲ್ಲ. ಏಳು ತಾಸು ಸ್ಟೂಲಿನ ಮೇಲೆ ಕೂತು, ಪಕ್ಕೆಗೆ ಕೈ ಇಟ್ಟು, ಅದು ದಣಿಯುವ ತನಕ ನೋಡಿದವನು ಅವನೇ. ನಾನು ನೆಲ ನೋಡಿದೆ.

"ಸೆಕಿ ಭಾಳ ಐತಿ," ಎಂದ ಕಾಕಾ ಎಲ್ಲರಿಗೂ ಕೇಳುವ ಹಾಗೆ. "ಸೆಕಿಗೆ ಲಗೂ ದಣಿತಾವ. ಆ ಚೀಲಾ ತಗೀರಿ, ಹುಡುಗಿ ಕುಂದರಲಿ."

ಚೀಲ ಸರಿಸಿದರು. ದೊಡ್ಡವ್ವ ನನ್ನ ಉಡಿಗೆ ಶೇಂಗಾ ಸುರಿದಳು. ಬೆರಳು ರೂಢಿ ತಪ್ಪಿ ಮೊದಲ ನಾಲ್ಕೈದು ಕಾಯಿ ಒಡೆಯಲೇ ಇಲ್ಲ. ಮಾತು ಮುಂದುವರಿಯಿತು. ಯಾರದೋ ಮನೆಯ ಬೀಗರು ಬಂದು ತಪ್ಪಾಗಿ ಬೇರೆ ಮನೆಯಲ್ಲಿ ಉಂಡು ಹೋದ ಕಥೆ. ಅದರ ತಲೆ ನಾನಿಲ್ಲದಾಗ ಆಗಿಹೋಗಿತ್ತು, ನನಗೆ ಬಾಲವಷ್ಟೇ ಸಿಕ್ಕಿತು. ಯಾರ ಬೀಗರೆಂದು ಕೇಳಿದರೆ ಕಥೆ ನಿಲ್ಲುತ್ತದೆ. ಕೇಳಲಿಲ್ಲ. ಎಲ್ಲರೂ ನಕ್ಕರು. ನಾನು ಸ್ವಲ್ಪ ತಡವಾಗಿ ನಕ್ಕೆ.

ಕರೆಂಟು ಬಂತು. ಯಾರದೋ ಮನೆಯ ಟಿವಿ ಒಮ್ಮೆಲೇ ಕೂಗಿತು. ಎಲ್ಲರೂ ಉಡಿ ಝಾಡಿಸಿ ಎದ್ದರು. ನಾನು ಏಣಿಯ ಹತ್ತಿರ ಹೋಗುವಾಗ ಕಾಕಾ ತನ್ನ ಕಟ್ಟೆಯಿಂದಲೇ ಮೆಲ್ಲಗೆ ಕೇಳಿದ: "ಎಷ್ಟ ಇತ್ತು?"

"ಅರವತ್ತೆರಡು."

"ಹೂಂ," ಎಂದ. ಆಮೇಲೆ, "ನಾಳೆನೂ ಅಷ್ಟಕ್ಕ ಕೊಳ್ಳ ಹರಿ," ಎಂದ.

ಮರುದಿನ ಇಳಿಯಬೇಕೆಂದೇ ಇದ್ದೆ. ಖಾಯಂ ಪಟ್ಟಿಯವರಿಗೆ ಕೆಲಸ ಹೆಚ್ಚು. ಮುಂಜಾನೆಯೇ ದೊಡ್ಡ ಕಂತು ಬಂದಿತ್ತು, ಸಂಜೆ ಆರಕ್ಕೆ ಕಳಿಸಬೇಕು. ನಾಲ್ಕಕ್ಕೆ ಕರೆಂಟು ಹೋಯಿತು. ಅರವತ್ತಾಯಿತು, ಐವತ್ತೈದಾಯಿತು. ನನ್ನ ಮುಂದೆ ಇನ್ನೂ ಇಪ್ಪತ್ತು ತುಣುಕು ಇದ್ದವು. ಒಂದು ತುಣುಕಿಗೂ ಇನ್ನೊಂದಕ್ಕೂ ನಡುವೆ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದೆ.

ಕೆಳಗೆ ಯಾರೋ ಕೇಳುತ್ತಿದ್ದರು. "ಇವತ್ತ ಸಾಹೇಬ್ರು ಬರಲಿಲ್ಲಲ್ಲ?"

"ಇವತ್ತ ಗಾಳಿ ಐತಿ," ಎಂಬ ಕಾಕಾನ ದನಿ ಈ ಸಲ ಮೇಲಿನ ತನಕ ಸ್ಪಷ್ಟವಾಗಿ ಬಂತು. "ತಂಪಿನ್ಯಾಗ ದಣಿಯೂದಿಲ್ಲ ಅದು."

ಗಾಳಿ ಇರಲಿಲ್ಲ. ಒದ್ದೆ ಟವೆಲ್ಲನ್ನು ತಿರುವಿ ಹಾಕಿಕೊಂಡು ಮುಂದಿನ ತುಣುಕು ಹಚ್ಚಿದೆ. ಒಬ್ಬ ಮುದುಕಿ ತನ್ನ ಮೊಮ್ಮಗನಿಗೆ, ಬಾ, ಉಣ್ಣು ಬಾ, ಆರಿ ಹೋಗ್ತೈತಿ, ಎಂದು ಕರೆಯುತ್ತಿದ್ದಳು. ಎರಡು ಸಲ ಕರೆದಿದ್ದಳು. ಎರಡನ್ನೂ ಬರೆದುಕೊಂಡೆ.